ಹಸಿರು ಮರದ ಬುಡದಲ್ಲಿ ಹದಿನಾರು ಕ್ಯಾನು

ಲೋವೆಲ್ ಬ್ರೆಕ್ಕೆಗೆ ಕಸ ಕಂಡರಾಗುತ್ತಿರಲಿಲ್ಲ. ಕಸ ಕಂಡರಾಗದವರು ಮೂಗು ಮುರಿದು ಮುಂದೆ ಹೋಗುವುದು ಲೋಕರೂಢಿ. ಇವನು ನಿಲ್ಲುವ ಪೈಕಿ. ಮಿನೆಸೋಟಾದ ತನ್ನ ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಫಲಕ ಬರೆದು ನಿವೃತ್ತನಾಗಿ, ಹೆಂಡತಿ ಆರ್ಡಿಸ್ ಜೊತೆ ಮರುಭೂಮಿ ಸುತ್ತಲು ಹೊರಟಾಗ, ಒಲೆ, ಹಾಸಿಗೆ, ಶವರ್ ಎಲ್ಲ ಇದ್ದ ಆ ಮನೆಗಾಡಿಗೆ ಅವನು ಮೊದಲು ಏರಿಸಿದ್ದು ಕಸ ಹೆಕ್ಕುವ ಉದ್ದನೆಯ ಇಕ್ಕಳ, ಕಿತ್ತಳೆ ಬಣ್ಣದ ಚೀಲಗಳ ಕಟ್ಟು ಮತ್ತು ಎರಡು ಜೊತೆ ಕೈಗವಸು.

ಅವುಗಳ ಜೊತೆಗೆ ಇಪ್ಪತ್ತನಾಲ್ಕು ಹಲಗೆಗಳು. ಹಿಂದಿನ ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಕೂತು ಅವನೇ ಕೊಯ್ದು, ಉಜ್ಜಿ, ಬಿಳಿ ಬಣ್ಣ ಬಳಿದು, ಮೇಲೆ ಹಸಿರಿನಲ್ಲಿ ಬರೆದಿದ್ದ: ‘ಈ ಜಾಗ ಶುಚಿ ಮಾಡಿದವರು ಲೋವೆಲ್ ಮತ್ತು ಆರ್ಡಿಸ್ ಬ್ರೆಕ್ಕೆ. ನೀವೂ ಹೀಗೆಯೇ ಇಡಿ.’ ಅಕ್ಷರವೆಂದರೆ ಅಕ್ಷರ. ನೂರು ಗಜ ದೂರದಿಂದ, ಓಡುವ ಲಾರಿಯಿಂದ ಓದಬಹುದು. ಬಿಡಾರ ಹೂಡಿದ ಕಡೆಯೆಲ್ಲ ಸುತ್ತಲಿನ ಕಸ ಹೆಕ್ಕಿ, ಒಂದು ಹಲಗೆಯನ್ನು ಮರಕ್ಕೋ ಕಂಬಕ್ಕೋ ತಂತಿಯಿಂದ ಕಟ್ಟಿದರೇ ಅವನಿಗೆ ಸಮಾಧಾನ.

“ನಾಯಿ ಕಂಬ ಕಂಡ್ರೆ ಕಾಲೆತ್ತುತ್ತಲ್ಲ, ನಿಂದೂ ಅದೇ ಕಥೆ,” ಎಂದಿದ್ದಳು ಆರ್ಡಿಸ್, ಮೊದಲ ಹಲಗೆ ಕಟ್ಟುವಾಗ.

“ನಾಯಿ ಗಲೀಜು ಮಾಡುತ್ತೆ. ನಾನು ಶುಚಿ ಮಾಡ್ತೀನಿ.”

“ಗುರುತು ಹಾಕೋದ್ರಲ್ಲಿ ಇಬ್ಬರೂ ಒಂದೇ ಬಿಡು.”

ನಲವತ್ತಾರು ವರ್ಷ ಸಂಸಾರ ಮಾಡಿದವರ ಮಾತು ಹೀಗೇ ಇರುತ್ತದೆ, ಯಾರಿಗೂ ಗಾಯವಾಗುವುದಿಲ್ಲ. ಆರ್ಡಿಸ್ ಅಂಚೆ ಕಚೇರಿಯ ಕಿಟಕಿಯ ಹಿಂದೆ ಆಯಸ್ಸು ಕಳೆದವಳು, ಊರಿನವರ ಗುಟ್ಟೆಲ್ಲ ಲಕೋಟೆಯ ಹೊರಗಿನಿಂದಲೇ ಬಲ್ಲವಳು, ಬೇಕಿಲ್ಲದ್ದನ್ನು ಆಡದವಳು. ದಿನಕ್ಕೆ ಅರವತ್ತು ಮೈಲಿಗಿಂತ ಹೆಚ್ಚು ಓಡಿಸಕೂಡದು ಎಂಬುದು ಅವಳ ಕರಾರು. ಹೀಗಾಗಿ ನ್ಯೂ ಮೆಕ್ಸಿಕೋದ ಬಿಳಿ ಮರಳಿನಿಂದ ಹೊರಟವರು ಅರಿಜೋನಾದ ದಕ್ಷಿಣದ ಅಂಚು ಮುಟ್ಟುವಷ್ಟರಲ್ಲಿ ಏಳು ವಾರ ಕಳೆದು, ಮಾರ್ಚ್ ಕೊನೆಗೆ ಬಂದಿತ್ತು. ಕೆಂಪು ಗುಡ್ಡ ಕಂಡರೆ ನಿಂತು ಕಾಫಿ, ಹಳೆಯ ಚರ್ಚು ಕಂಡರೆ ನಿಂತು ಮತ್ತೆ ಕಾಫಿ. ಪ್ರತಿ ವಾರವೂ ಕಸದ ಚೀಲದ ಪಕ್ಕ ನಿಂತ ಲೋವೆಲ್‌ನ ಒಂದು ಫೋಟೋ ಊರಿನ ಚರ್ಚಿನ ವಾರಪತ್ರಕ್ಕೆ ಹೋಗುತ್ತಿತ್ತು. ಅದನ್ನು ಅಚ್ಚು ಹಾಕಿಸುವ ಲವಾನ್, ‘ಹೋದಲ್ಲೆಲ್ಲ ನಮ್ಮ ಊರಿನ ಹೆಸರು ಉಳಿಸ್ತಾ ಇದೀರಿ’ ಎಂದು ಬರೆದಿದ್ದಳು. ಆ ಸಾಲನ್ನು ಲೋವೆಲ್ ಎರಡು ಸಲ ಗಟ್ಟಿಯಾಗಿ ಓದಿದ್ದ.

ಪೋಸೊ ಲಾರ್ಗೊ ಎಂಬ, ತಾಮ್ರದ ಗಣಿ ಮುಚ್ಚಿ ಅರ್ಧ ಖಾಲಿಯಾದ ಊರಿನಿಂದ ಹನ್ನೆರಡು ಮೈಲಿ ಆಚೆ, ಸರ್ಕಾರಿ ಬಯಲಿನಲ್ಲಿ ಅವರು ಭಾನುವಾರ ಬಿಡಾರ ಹೂಡಿದರು. ಸೋಮವಾರ ಬೆಳಿಗ್ಗೆ ಇಕ್ಕಳ ಹಿಡಿದು ಹೊರಟ ಲೋವೆಲ್‌ಗೆ ಅರ್ಧ ಮೈಲಿಯಾಚೆ ಒಣಹಳ್ಳವೊಂದರ ದಂಡೆಯಲ್ಲಿ, ಕಾಂಡದವರೆಗೂ ಹಸಿರಾದ ಪಾಲೊ ವರ್ಡೆ ಮರದ ಬುಡದಲ್ಲಿ, ಪ್ಲಾಸ್ಟಿಕ್ ಕ್ಯಾನುಗಳ ರಾಶಿಯೇ ಕಂಡಿತು. ಎಣಿಸಿದ. ಹದಿನಾರು. ಒಂದೊಂದರಲ್ಲೂ ಒಂದು ಗ್ಯಾಲನ್, ಎಂದರೆ ನಾಲ್ಕು ಲೀಟರಿನಷ್ಟು, ನೀರು, ಬಿಗಿಯಾಗಿ ತಿರುಗಿಸಿದ ಮುಚ್ಚಳ. ಪ್ರತಿಯೊಂದರ ಮೈಮೇಲೂ ನೀಲಿ ಮಾರ್ಕರಿನಲ್ಲಿ ಒಂದು ಪುಟ್ಟ ಹೃದಯದ ಚಿತ್ರ, ಸ್ಪ್ಯಾನಿಷ್‌ನಲ್ಲಿ ಎರಡು ಪದ, ಪಕ್ಕದಲ್ಲಿ ತಾರೀಖು.

“ಬೇಟೆಗೆ ಬಂದವರು ಬಿಸಾಕಿ ಹೋಗಿದಾರೆ,” ಎಂದ ಲೋವೆಲ್.

ಆರ್ಡಿಸ್ ಬಗ್ಗಿ ಒಂದು ಕ್ಯಾನನ್ನು ತಿರುಗಿಸಿ ನೋಡಿದಳು. “ತಾರೀಖು ಹೋದ ಗುರುವಾರದ್ದು. ಕಸಕ್ಕೆ ಯಾರಾದ್ರೂ ತಾರೀಖು ಬರೀತಾರಾ?”

“ಕುಡಿದ ಮತ್ತಲ್ಲಿ ಏನು ಬೇಕಾದ್ರೂ ಬರೀತಾರೆ.”

“ಒಂದೇ ಸಾಲಲ್ಲಿ ಜೋಡಿಸಿದಾರೆ, ಲೋವೆಲ್. ಯಾರೋ ಬೇಕು ಅಂತಲೇ ಇಟ್ಟಂಗಿದೆ. ಬಿಟ್ಬಿಡೋಣ.”

“ಬಿಟ್ರೆ ಬಿಸಿಲಿಗೆ ಪ್ಲಾಸ್ಟಿಕ್ ಪುಡಿಪುಡಿಯಾಗಿ ನೂರು ವರ್ಷ ಇಲ್ಲೇ ಬಿದ್ದಿರುತ್ತೆ. ಎತ್ತು.”

ಅವನ ‘ಎತ್ತು’ವಿಗೆ ಎದುರಾಡಿದರೆ ಸಂಜೆಯವರೆಗೂ ಪ್ಲಾಸ್ಟಿಕ್ಕಿನ ಪುರಾಣ ಕೇಳಬೇಕು. ಆರ್ಡಿಸ್ ಎತ್ತಿದಳು. ನೀರನ್ನು ಚೆಲ್ಲಲು ಮಾತ್ರ ಲೋವೆಲ್‌ಗೆ ಮನಸ್ಸು ಬರಲಿಲ್ಲ. ಅವನ ಮನೆತನದಲ್ಲಿ ಯಾರೂ ಏನನ್ನೂ ಚೆಲ್ಲಿದವರಲ್ಲ. ಹದಿನಾರು ಗ್ಯಾಲನ್ನನ್ನೂ ಒಂದೊಂದಾಗಿ ಮನೆಗಾಡಿಯ ಟ್ಯಾಂಕಿಗೆ ಸುರಿದ. ಖಾಲಿ ಕ್ಯಾನುಗಳನ್ನು ತುಳಿದು ಚಪ್ಪಟೆ ಮಾಡಿ ಚೀಲಕ್ಕೆ ತುಂಬಿದ. ಚೀಲ ಹಿಡಿದು, ಎದೆ ಮುಂದೆ ಮಾಡಿ, ಫೋಟೋ ತೆಗೆಸಿಕೊಂಡ. ಆಮೇಲೆ ಐದನೆಯ ಹಲಗೆಯನ್ನು ಆ ಹಸಿರು ಮರಕ್ಕೆ, ಕ್ಯಾನುಗಳಿದ್ದ ಜಾಗದ ನೇರ ಮೇಲೆ, ಕಟ್ಟಿದ.

ಟ್ಯಾಂಕು ತುಂಬಿದ್ದರಿಂದ ನೀರಿಗಾಗಿ ಊರಿಗೆ ಹೋಗುವುದು ತಪ್ಪಿತು. ಇನ್ನೂ ಮೂರು ದಿನ ಅಲ್ಲೇ ಉಳಿದರು. ಲೋವೆಲ್ ಬುಧವಾರ ಶವರಿನ ಕೆಳಗೆ ಹಾಡು ಗುನುಗುತ್ತ ಹತ್ತು ನಿಮಿಷ ನಿಂತ. ಏಳು ವಾರದಲ್ಲಿ ಅಷ್ಟು ಧಾರಾಳದ ಸ್ನಾನ ಅದೇ ಮೊದಲು. ಆರ್ಡಿಸ್ ತಲೆ ತೊಳೆದುಕೊಂಡಳು. ಮಿಕ್ಕ ನೀರಿನಲ್ಲಿ ಗಾಡಿಯ ಗಾಜಿಗೆ ಅಂಟಿದ್ದ ಹುಳುಗಳನ್ನು ತೊಳೆದದ್ದೂ ಆಯಿತು.

ಗುರುವಾರ ಬಟ್ಟೆ ಒಗೆಯಲೆಂದು ಪೋಸೊ ಲಾರ್ಗೊಗೆ ಹೋದರು. ಊರಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿ ಇದ್ದದ್ದು ಒಂದೇ. ಲೋವೆಲ್ ಹೊರಗಿನ ಬೆಂಚಿನಲ್ಲಿ ಕೂತಿದ್ದ. ಗೋಡೆಯ ಪಕ್ಕದ ನಲ್ಲಿಯ ಮುಂದೆ, ಅರವತ್ತೈದು ದಾಟಿದ ಒಬ್ಬ ಗಟ್ಟಿಮುಟ್ಟು ಹೆಂಗಸು ಮಂಡಿಗೆ ಪಟ್ಟಿ ಸುತ್ತಿಕೊಂಡು ಸ್ಟೂಲಿನ ಮೇಲೆ ಕೂತು ಪ್ಲಾಸ್ಟಿಕ್ ಕ್ಯಾನುಗಳಿಗೆ ನೀರು ಹಿಡಿಯುತ್ತಿದ್ದಳು. ತುಂಬಿದ ಒಂದೊಂದನ್ನೂ ತೊಡೆಯ ಮೇಲಿಟ್ಟುಕೊಂಡು, ಬಟ್ಟೆಯಿಂದ ಒರೆಸಿ, ನೀಲಿ ಮಾರ್ಕರಿನಲ್ಲಿ ಹೃದಯ ಬರೆದು, ಪಕ್ಕದಲ್ಲಿ ತಾರೀಖು ಹಾಕುತ್ತಿದ್ದಳು.

ಲೋವೆಲ್‌ಗೆ ಅರ್ಥವಾಯಿತು. ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡ.

ಅಷ್ಟರಲ್ಲಿ ಆರ್ಡಿಸ್ ಹೊರಗೆ ಬಂದಿದ್ದಳು. ಅವಳೂ ನೋಡಿದಳು. ಗಂಡನ ಮುಖವನ್ನೊಮ್ಮೆ ನೋಡಿ, ನೇರವಾಗಿ ಆ ಹೆಂಗಸಿನ ಹತ್ತಿರ ಹೋದಳು. “ನಾನು ಆರ್ಡಿಸ್. ಇದೆಲ್ಲ ಯಾರಿಗೆ, ಕೇಳಬಹುದಾ?”

“ಎರ್ಮೀನಿಯಾ,” ಎಂದು ಒದ್ದೆ ಕೈ ಒರೆಸಿಕೊಂಡು ಚಾಚಿದಳು ಅವಳು. “ನಡೆಯೋರಿಗೆ.”

“ನಡೆಯೋರು ಅಂದ್ರೆ?”

“ಮೆಕ್ಸಿಕೋ ಗಡಿ ಕದ್ದು ದಾಟಿ ಬರೋರು. ಗಡಿಯಿಂದ ಇಲ್ಲಿಗೆ ನಾಲ್ಕು ದಿನದ ನಡಿಗೆ. ಎರಡು ದಿನದ ನೀರಿಗಿಂತ ಹೆಚ್ಚು ಯಾರಿಂದಲೂ ಹೊರೋಕಾಗಲ್ಲ. ಮಿಕ್ಕಿದ ಎರಡು ದಿನಕ್ಕೆ ನಾವು ಕೆಲವರು ಅಲ್ಲಲ್ಲಿ ಇಡ್ತೀವಿ. ಶಾಲೆ ಅಡುಗೆಮನೆಯಲ್ಲಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಬಡಿಸಿದೀನಿ. ಬಡಿಸೋ ಚಟ ಹೋಗಲ್ಲ ನೋಡಿ.” ನಕ್ಕಳು. ನಗು ಬೇಗ ಆರಿತು. “ಈ ವಾರ ಯಾರೋ ಮಹಾತ್ಮರು ಒಂದು ಜಾಗ ಗುಡಿಸಿ ಹಾಕಿದಾರೆ. ಮೊದಲೆಲ್ಲ, ನಡೆಯೋರು ಬರಲೇಬಾರದು ಅನ್ನೋರು ಕ್ಯಾನಿಗೆ ಚಾಕು ಹಾಕಿ ಹೋಗೋರು, ಹರಿದ ಕ್ಯಾನಾದ್ರೂ ಸಿಗೋದು. ಇವರು ಕ್ಯಾನನ್ನೂ ಬಿಟ್ಟಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದವರು ಆಗ ಲೋವೆಲ್‌ನನ್ನು ನೋಡಬೇಕಿತ್ತು. ನಿನ್ನೆ ತೊಳೆದು ಫಳಫಳ ಮಾಡಿದ್ದ ಮನೆಗಾಡಿಯ ಗಾಜಿನ ಮೇಲೆ ಅವನ ಕಣ್ಣು ತಾನಾಗಿ ಹೋಯಿತು.

“ಯಾವಾಗ ಗೊತ್ತಾಯ್ತು?” ಆರ್ಡಿಸ್ ಧ್ವನಿ ಸಣ್ಣಗಿತ್ತು.

“ನಿನ್ನೆ ಸಂಜೆ, ಆಚೆ ಗುಡ್ಡದ ಕಡೆಯಿಂದ ಹಳ್ಳ ಇಳಿದು ಸುಮ್ಮನೆ ನೋಡ್ಕೊಂಡು ಬರೋಣ ಅಂತ ಹೋದೆ. ಒಂದೂ ಇಲ್ಲ. ನನ್ನ ಕೈಯಲ್ಲಿದ್ದ ಬಾಟ್ಲಿ ಒಂದೇ. ಅದನ್ನೇ ಇಟ್ಟು ಬಂದೆ. ಇವತ್ತು ಪಶ್ಚಿಮದ ಎರಡು ಜಾಗ ಇದೆ, ಅಲ್ಲಿ ಹೋದ ವಾರವೇ ನೀರು ಮುಗಿದಿದೆ. ಆ ಮರದ ಹತ್ರ ನಾಳೆ ಬೆಳಿಗ್ಗೆಯೇ. ಮಂಡಿ ಕೇಳಬೇಕಲ್ಲ.” ಅವಳು ಎದ್ದು ಒಂದು ಕ್ಯಾನನ್ನು ಪಿಕಪ್ಪಿನ ಹಿಂದಕ್ಕೆ ಎತ್ತಲು ಹೋಗಿ ನಡು ಹಿಡಿದುಕೊಂಡಳು.

ಲೋವೆಲ್ ಓಡಿಬಂದ. ಬಾಯಿಂದ ಆಗದ ಕೆಲಸವನ್ನು ಕೈಯಿಂದಾದರೂ ಮಾಡಬೇಕೆಂದು ಹೊರಟವನಂತೆ ಎರಡೆರಡೇ ಕ್ಯಾನು ಎತ್ತಿ ಗಾಡಿಗೆ ತುಂಬತೊಡಗಿದ. ಪ್ರತಿ ಕ್ಯಾನು ಎತ್ತುವಾಗಲೂ ‘ಇದನ್ನಿಟ್ಟು ಹೇಳುತ್ತೇನೆ’ ಎಂದುಕೊಂಡ. ಇಟ್ಟ, ಹೇಳಲಿಲ್ಲ. ಎಪ್ಪತ್ತೆರಡು ವರ್ಷ ತಲೆ ಎತ್ತಿ ನಡೆದ ಮನುಷ್ಯನಿಗೆ ತಲೆ ತಗ್ಗಿಸುವ ಅಭ್ಯಾಸವೇ ಇರಲಿಲ್ಲ. ಎಲ್ಲ ಮುಗಿದಾಗ ಎರ್ಮೀನಿಯಾ ಅವನ ಕೈ ಹಿಡಿದಳು.

“ದೇವರು ಒಳ್ಳೇದು ಮಾಡ್ಲಿ. ನಿಮ್ಮ ಹೆಸರು?”

“ಎಲ್ಮರ್,” ಎಂದ ಲೋವೆಲ್.

ಅದು ಬಾಯಿಂದ ಹೇಗೆ ಬಂತೋ ಅವನಿಗೇ ಗೊತ್ತಿಲ್ಲ. ಎರ್ಮೀನಿಯಾ ಅವನನ್ನು ಒಂದು ಕ್ಷಣ ನೋಡಿದಳು. ಆರ್ಡಿಸ್‌ಳನ್ನು ನೋಡಿದಳು. ಮತ್ತೆ ಅವನನ್ನು ನೋಡಿದಳು.

“ಎಲ್ಮರ್,” ಎಂದು ನಿಧಾನಕ್ಕೆ ಹೇಳಿ, ಪಿಕಪ್ ಹತ್ತಿ ಹೋದಳು.

ಒದ್ದೆ ಬಟ್ಟೆಯನ್ನು ಹಾಗೇ ಬುಟ್ಟಿಗೆ ಹಾಕಿಕೊಂಡು ಇಬ್ಬರೂ ಹೊರಟರು. ಊರ ಕೊನೆಯ ಅಂಗಡಿಯಲ್ಲಿ ಲೋವೆಲ್ ಹದಿನಾರು ಕ್ಯಾನು ನೀರು ಕೊಂಡ. ಗಾಡಿ ಊರು ದಾಟಿದ ಮೇಲೆ ಆರ್ಡಿಸ್ ಹೇಳಿದಳು:

“ಸತ್ತ ನನ್ನ ಅಣ್ಣನ ಹೆಸರೇ ಬೇಕಿತ್ತಾ ನಿಂಗೆ?”

ಲೋವೆಲ್ ರಸ್ತೆ ನೋಡುತ್ತಿದ್ದ.

“ಅವನು ಯಾರದನ್ನೂ ಮುಟ್ಟಿದವನಲ್ಲ, ಪಾಪ. ಕಳ್ಳತನಕ್ಕೆ ಬೇರೆ ಹೆಸರು ಹುಡುಕ್ಕೋಬೇಕಿತ್ತು.”

“ಕಳ್ಳತನ ಅನ್ನಬೇಡ. ನನಗೆ ಗೊತ್ತಿರಲಿಲ್ಲ.”

“ತಾರೀಖು ತೋರಿಸಿದೆ ನಾನು.”

ಗೊತ್ತಿರಲಿಲ್ಲ ಎನ್ನುವುದು ಸುಳ್ಳೆಂದು ಅವನ ಒಳಮನಸ್ಸಿಗೆ ಚೆನ್ನಾಗಿ ಗೊತ್ತಿತ್ತು. ಸಾಲಾಗಿ ಜೋಡಿಸಿದ ಕ್ಯಾನು, ಬಿಗಿ ಮುಚ್ಚಳ, ಹೊಸ ತಾರೀಖು. ಮೂರನ್ನೂ ಅವನು ಕಂಡಿದ್ದ. ಕಂಡೂ, ಆ ಹದಿನಾರು ಕ್ಯಾನಿನ ಚೀಲ ಫೋಟೋದಲ್ಲಿ ಎಷ್ಟು ದೊಡ್ಡದಾಗಿ ಕಾಣುತ್ತದೆಂದು ಯೋಚಿಸಿದ್ದ. ಆ ನೀರಿನಲ್ಲೇ ತೊಳೆದ ಮೈ, ಆ ನೀರಿನಲ್ಲೇ ಕಾಸಿದ ಬೆಳಗಿನ ಕಾಫಿ ಹೊಟ್ಟೆಯಲ್ಲಿ.

ಫೋನು ಬಡಿದುಕೊಂಡಿತು. ಊರಿನಿಂದ ಲವಾನ್. ಗಾಡಿಯ ಸ್ಪೀಕರಿನಲ್ಲಿ ಅವಳ ಉತ್ಸಾಹವೆಲ್ಲ ಕಿವಿ ತುಂಬಿತು.

“ಲೋವೆಲ್, ಈ ವಾರ ನಿಮ್ಮ ಫೋಟೋ ಮುಖಪುಟಕ್ಕೆ. ಆ ಕ್ಯಾನುಗಳ ಚೀಲದ್ದು. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗುತ್ತೆ. ಭಾನುವಾರ ಪಾದ್ರಿಗಳು ಪ್ರಾರ್ಥನೆಯಲ್ಲಿ ನಿಮ್ಮಿಬ್ಬರ ಹೆಸರು ಹೇಳ್ತಾರಂತೆ. ಏಪ್ರಿಲ್‌ನಲ್ಲಿ ಬಂದ ಮೇಲೆ ನೀವೇ ನಾಲ್ಕು ಮಾತಾಡಬೇಕಂತೆ.”

“ಥ್ಯಾಂಕ್ಸ್, ಲವಾನ್,” ಎಂದ ಲೋವೆಲ್.

ಫೋನಿಟ್ಟ ಮೇಲೆ ಆರ್ಡಿಸ್ ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿ ಕೂತಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಆ ಹನ್ನೆರಡು ಮೈಲಿಯನ್ನು ಅವನು ಆ ಪ್ರವಾಸದಲ್ಲಿ ಎಂದೂ ಓಡಿಸದ ವೇಗದಲ್ಲಿ ಓಡಿಸಿದ. ಯಾಕಾಗಿ ಓಡಿಸಿದ ಎಂಬುದನ್ನೂ ಮುಚ್ಚಿಡದೆ ಹೇಳಿಬಿಡಬೇಕು. ನೀರಿಡುವ ಆತುರ ಇತ್ತು, ಇಲ್ಲವೆನ್ನಲಾಗದು. ಅದಕ್ಕಿಂತ ಒಂದು ಗುಂಜಿ ಹೆಚ್ಚಾಗಿ ಇದ್ದದ್ದು ಹಲಗೆಯ ಆತುರ. ಎರ್ಮೀನಿಯಾ ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗುವ ಮೊದಲು ತನ್ನ ಹೆಸರನ್ನು ಆ ಮರದಿಂದ ಕಿತ್ತುಹಾಕಬೇಕು. ಅವಳು ನಿನ್ನೆಯೇ ಹೋಗಿದ್ದಳು, ಮರದ ಕೆಳಗೆ ನಿಂತಿದ್ದಳು ಎಂಬ ಸರಳ ಲೆಕ್ಕ ಭಯಪಟ್ಟ ತಲೆಗೆ ಹೊಳೆಯಲೇ ಇಲ್ಲ.

ಲೋವೆಲ್ ಎರಡು, ಆರ್ಡಿಸ್ ಒಂದು ಕ್ಯಾನು ಹಿಡಿದು ಹಳ್ಳದ ದಂಡೆ ತಲುಪಿದಾಗ ಮಟಮಟ ಮಧ್ಯಾಹ್ನ. ಹಲಗೆ ಮರದ ಮೇಲೆ ಇರಲಿಲ್ಲ. ತಂತಿಯನ್ನು ಬಿಚ್ಚಿ, ನೀಟಾಗಿ ಸುರುಳಿ ಸುತ್ತಿ, ಕೊಂಬೆಗೆ ಸಿಕ್ಕಿಸಿತ್ತು.

“ಅವಳಿಗೆ ಗೊತ್ತಿತ್ತು,” ಎಂದಳು ಹಿಂದಿನಿಂದ ಬಂದ ಆರ್ಡಿಸ್. “ನಾನು ನನ್ನ ಹೆಸರು ಹೇಳಿದೆನಲ್ಲ. ನೀನು ಎಲ್ಮರ್ ಅಂದಾಗ ಅವಳಿಗೆ ಎಲ್ಲ ಗೊತ್ತಿತ್ತು.”

ಲೋವೆಲ್ ಅವಳ ಮಾತು ಕೇಳಿಸಿಕೊಳ್ಳಲಿಲ್ಲ. ಅವನು ನೆಲ ನೋಡುತ್ತಿದ್ದ. ಮರದ ಬುಡದಲ್ಲಿ ಬಾಟ್ಲಿಯೊಂದು ಬಿದ್ದಿತ್ತು, ಒಳಗೆ ಒಂದು ಹನಿಯೂ ಇರಲಿಲ್ಲ. ಮುಚ್ಚಳವನ್ನು ತಿರುಗಿಸಿ ಮತ್ತೆ ಭದ್ರವಾಗಿ ಹಾಕಿದ್ದರು. ಪಕ್ಕದಲ್ಲಿ, ಹಳ್ಳದ ಮರಳಿನಲ್ಲಿ, ಮೊಳಕೈ ಆಳದ ಒಂದು ಗುಂಡಿ. ಸಲಿಕೆಯಿಂದ ತೋಡಿದ್ದಲ್ಲ. ಅಂಚಿನ ಸುತ್ತ ಬೆರಳುಗಳು ಕೆರೆದ ಗೆರೆಗಳು ಸ್ಪಷ್ಟವಾಗಿದ್ದವು. ತಳದ ಮರಳೂ ಮೇಲಿನ ಮರಳಿನಷ್ಟೇ ಒಣಗಿತ್ತು.

ಹೆಜ್ಜೆಗಳು ಎರಡು ಥರದವು. ಒಂದು ದೊಡ್ಡದು. ಇನ್ನೊಂದರ ಪಕ್ಕ ಆರ್ಡಿಸ್ ತನ್ನ ಪಾದವಿಟ್ಟಳು, ಸರಿಹೋಯಿತು.

ಲೋವೆಲ್ ಮಂಡಿಯೂರಿ ಕೂತುಬಿಟ್ಟ. ಒಂದು ಬಾಟ್ಲಿ, ಇಬ್ಬರು. ಹದಿನಾರು ಕ್ಯಾನು ಇರಬೇಕಿದ್ದ ಜಾಗ. ಅವರು ಬಂದದ್ದು ನಿನ್ನೆ ಸಂಜೆಯ ಮೇಲೆ. ನಿನ್ನೆ ಸಂಜೆ ಅವನು ಅರ್ಧ ಮೈಲಿ ಆಚೆ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ, ಸ್ನಾನ ಮಾಡಿದ ಹಗುರ ಮೈಯಲ್ಲಿ ಬೀರು ಹೀರುತ್ತ, ಸೂರ್ಯ ಮುಳುಗುವುದನ್ನು ನೋಡುತ್ತಿದ್ದ. ಅವರು ಮನೆಗಾಡಿಯ ದೀಪ ಕಂಡಿರಬಹುದು. ಕಂಡು, ಹೆದರಿ, ಅತ್ತ ಬರದೆ ಮರಳು ತೋಡಿರಬಹುದು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅಲ್ಲಿ ಭೂಮಿ ಬಾಯಿ ಬಿಟ್ಟೇ ಇತ್ತು, ಮೊಳಕೈ ಆಳಕ್ಕೆ.

“ಏಳು,” ಎಂದಳು ಆರ್ಡಿಸ್. “ಉತ್ತರಕ್ಕೆ ಹೋಗಿದಾರೆ.”

ಕ್ಯಾನುಗಳನ್ನು ಹಿಡಿದು ಹೆಜ್ಜೆಯ ಹಿಂದೆ ಹೋದರು. ಲೋವೆಲ್ ಕೂಗಿದ. “ನೀರು ತಂದಿದೀವಿ. ಹೆದರಬೇಡಿ. ನೀರಿದೆ.” ಅವನ ಇಂಗ್ಲಿಷು ಸಗುವಾರೊ ಕಳ್ಳಿಗಳ ನಡುವೆ ಹೋಗಿ ಹೋಗಿ ಎಲ್ಲೋ ನಿಂತಿತು. ಸ್ಪ್ಯಾನಿಷ್‌ನಲ್ಲಿ ನೀರಿಗೆ ಏನೆನ್ನುತ್ತಾರೆಂಬುದು ಅವನು ತುಳಿದು ಚಪ್ಪಟೆ ಮಾಡಿದ್ದ ಕ್ಯಾನುಗಳ ಮೇಲೇ ಬರೆದಿತ್ತು. ಅವನು ಓದುವ ಗೋಜಿಗೆ ಹೋಗಿರಲಿಲ್ಲ. ಮುಕ್ಕಾಲು ಗಂಟೆ ನಡೆದ ಮೇಲೆ ಕಲ್ಲುನೆಲ ಬಂದು ಹೆಜ್ಜೆ ಅಳಿಸಿಹೋಯಿತು. ಆರ್ಡಿಸ್‌ಗೆ ಉಸಿರು ಕಟ್ಟುತ್ತಿತ್ತು. ಕೈಯಲ್ಲಿದ್ದ ಮೂರು ಕ್ಯಾನುಗಳನ್ನು ಕಲ್ಲಿನ ನೆರಳಿಗಿಟ್ಟು ಹಿಂತಿರುಗಿದರು. ಮಿಕ್ಕ ಹದಿಮೂರನ್ನು ಗಾಡಿಯಿಂದ ಹೊತ್ತು ತಂದು ಮರದ ಬುಡದಲ್ಲಿ, ಇದ್ದ ಹಾಗೆಯೇ, ಸಾಲಾಗಿ ಜೋಡಿಸಿದರು. ಸಾಲು ಸೊಟ್ಟಗಾಯಿತೆಂದು ಲೋವೆಲ್ ಎರಡು ಸಲ ಸರಿಪಡಿಸಿದ, ಆಮೇಲೆ ಅದಕ್ಕೂ ನಾಚಿಕೆಪಟ್ಟು ಕೈ ಬಿಟ್ಟ.

ಎರ್ಮೀನಿಯಾಳ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಬಟ್ಟೆ ಒಗೆಯುವ ಅಂಗಡಿಯವರೇ ದಾರಿ ಹೇಳಿದರು. ಅವಳು ಪಶ್ಚಿಮದ ಜಾಗಗಳಿಂದ ಇನ್ನೂ ಬಂದಿರಲಿಲ್ಲ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾದರು. ಐದು ಗಂಟೆಗೆ ಪಿಕಪ್ ಬಂತು. ಮುಂದಿನ ಸೀಟಿನ ಮೇಲೆ, ಮುಖ ಮೇಲಾಗಿ, ಹಲಗೆ. ಬೆಳಿಗ್ಗೆ ಕ್ಯಾನು ತುಂಬುವಾಗಲೂ ಅದು ಅಲ್ಲೇ ಇದ್ದಿರಬೇಕು, ಅವನು ತಲೆ ಎತ್ತಿ ಸೀಟಿನ ಕಡೆ ನೋಡಿರಲಿಲ್ಲ.

ಅವಳು ಇಳಿಯುವವರೆಗೂ ಲೋವೆಲ್ ಕಾಯಲಿಲ್ಲ. ಟೋಪಿ ತೆಗೆದು ಕಿಟಕಿಯ ಹತ್ತಿರ ನಿಂತ.

“ನನ್ನ ಹೆಸರು ಎಲ್ಮರ್ ಅಲ್ಲ.”

“ಗೊತ್ತು.”

“ನೀರು ತೆಗೆದವನು ನಾನು. ಇವಳು ಬೇಡ ಅಂದಳು. ನಾನೇ ತೆಗೆದೆ.”

“ಚೆಲ್ಲಿದ್ರಾ?”

ಚೆಲ್ಲಿದೆ ಎಂದುಬಿಡಬಹುದಿತ್ತು. ಚೆಲ್ಲಿದೆ ಎನ್ನುವುದು ಎಷ್ಟೋ ವಾಸಿ ಎನಿಸಿತು. “ಇಲ್ಲ,” ಎಂದ. “ಸ್ನಾನ ಮಾಡಿದೆ. ಗಾಡಿ ಗಾಜು ತೊಳೆದೆ.”

ಎರ್ಮೀನಿಯಾ ಪಿಕಪ್ಪಿನ ಇಂಜಿನ್ ಆರಿಸಿದಳು. ಬೈಗುಳ ಅವಳ ಬಾಯಲ್ಲಿ ಇದ್ದಿರಬೇಕು, ನುಂಗಿಕೊಂಡಳು.

“ಬೆಳಿಗ್ಗೆ ಒಂದೊಂದು ಕ್ಯಾನು ಎತ್ತುವಾಗಲೂ, ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ ಕಾದೆ,” ಎಂದಳು. “ಇಪ್ಪತ್ತು ಕ್ಯಾನು ಎತ್ತಿದ್ರಿ. ಒಂದರಲ್ಲೂ ಬಾಯಿ ಬರಲಿಲ್ಲ.”

ಲೋವೆಲ್ ಗುಂಡಿಯ ವಿಷಯ ಹೇಳಿದ. ಬೆರಳ ಗುರುತು, ಖಾಲಿ ಬಾಟ್ಲಿ, ಎರಡು ಥರದ ಹೆಜ್ಜೆ. ಮಿಕ್ಕದ್ದನ್ನು ಆರ್ಡಿಸ್ ಹೇಳಿದಳು. ಎರ್ಮೀನಿಯಾ ಕೂಡಲೇ ಫೋನು ತೆಗೆದು ಯಾರು ಯಾರಿಗೋ ಮಾತಾಡಿದಳು. ಅವಳ ಜೊತೆ ನೀರಿಡುವವರಲ್ಲಿ ಇಬ್ಬರು ಕಲ್ಲುನೆಲದ ಕಡೆ ಜೀಪಿನಲ್ಲಿ ಹೊರಟರು.

“ಅವರಿಗೆ ಏನಾಗಿರಬಹುದು?” ಲೋವೆಲ್ ಕೇಳಿದ.

“ಹೈವೇ ಮುಟ್ಟಿರಬಹುದು. ಯಾರಾದ್ರೂ ಹತ್ತಿಸ್ಕೊಂಡಿರಬಹುದು. ಗಡಿ ಪೊಲೀಸರು ಹಿಡಿದಿರಬಹುದು. ಅಥವಾ ಇಲ್ಲ.” ಅವಳು ಅವನನ್ನು ನೋಡಿದಳು. “ಗೊತ್ತಾಗಲ್ಲ. ಬಹಳ ಸಲ ಗೊತ್ತೇ ಆಗಲ್ಲ. ನೀವು ಊರಿಗೆ ಹೋದ ಮೇಲೂ ಗೊತ್ತಾಗಲ್ಲ. ಅದನ್ನ ನೀವೇ ಇಟ್ಕೋಬೇಕು, ನಾನು ತಗೊಳ್ಳೋಕಾಗಲ್ಲ.”

ಲೋವೆಲ್ ತಲೆಯಾಡಿಸಿದ. ಅಷ್ಟಾದರೂ ತನ್ನ ಪಾಲಿಗೆ ಸರಿಯಾಗಿ ಬಂತು ಎನಿಸಿತು. ಆಮೇಲೆ ಕೇಳಿದ, “ಹಲಗೆ ವಾಪಸ್ ಕೊಡ್ತೀರಾ? ಸುಟ್ಟುಹಾಕ್ತೀನಿ.”

“ಸುಡೋದ್ಯಾಕೆ, ಗಟ್ಟಿ ಮರ. ಅಕ್ಷರ ಯಾರದು?”

“ನಂದೇ.”

“ಚೆನ್ನಾಗಿದೆ.” ಅವಳು ಹಲಗೆಯನ್ನು ಕಿಟಕಿಯಿಂದ ಹೊರಗೆ ಚಾಚಿದಳು. “ಚಾಕು ಹಾಕೋರನ್ನ ತಡೆಯೋದು ನನ್ನ ಕೈಲಾಗಲ್ಲ. ನಿಮ್ಮಂಥೋರು ಬೇರೆ. ಚೀಲ ಹಿಡ್ಕೊಂಡು, ಒಳ್ಳೇದು ಮಾಡ್ತೀವಿ ಅಂತ ಬರ್ತೀರಿ. ಇನ್ನೂ ಬರ್ತಾರೆ. ಅವರಿಗೆ ನನ್ನ ಭಾಷೆ ಓದೋಕೆ ಬರಲ್ಲ, ನನ್ನ ಮಾತು ಕೇಳೋದೂ ಇಲ್ಲ. ನಿಮ್ಮ ಮಾತು ಕೇಳಬಹುದು. ನೀವೇ ಬರೀರಿ.”

“ಏನು ಬರೀಲಿ?”

“ಆದದ್ದು ಬರೀರಿ.”

ಲವಾನ್‌ಗೆ ಫೋನು ಮಾಡಿದ್ದು ಅದೇ ಮೆಟ್ಟಿಲ ಮೇಲೆ ಕೂತು. ಆದದ್ದನ್ನೆಲ್ಲ ಹೇಳಿದ. “ಹಾಗಾದ್ರೆ ಮುಖಪುಟಕ್ಕೆ ಏನು ಹಾಕ್ಲಿ, ಲೋವೆಲ್?” ಎಂದಳು ಅವಳು.

“ಅದೇ ಫೋಟೋ ಹಾಕು. ಕೆಳಗೆ ನಾನು ಈಗ ಹೇಳಿದ್ದನ್ನ ಹಾಕು.”

“ಊರವರೆಲ್ಲ ನೋಡ್ತಾರೆ.”

“ಅದಕ್ಕೇ ತಾನೆ ಕಳಿಸಿದ್ದು,” ಎಂದ. ಇಡೀ ಊರು ಕಾಫಿ ಲೋಟ ಹಿಡಿದು ಆ ಪುಟದ ಸುತ್ತ ನಿಂತದ್ದು ಕಣ್ಣಿಗೆ ಕಟ್ಟಿತು.

ಕತ್ತಲಾಗುವ ಮೊದಲು ಬಣ್ಣದ ಡಬ್ಬ ತೆಗೆದು ಕೂತ. ಹಳೆಯ ಬರಹದ ಮೇಲೆ ಬಿಳಿ ಬಳಿದ. ಬಳಿಯುವಾಗ ಆರ್ಡಿಸ್ ಹೆಸರನ್ನೂ ಬಳಿದು ಮುಚ್ಚಿದ. ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

“ನನ್ನ ಹೆಸರು ಯಾಕೆ ತೆಗೆದೆ?”

“ನೀನು ಬೇಡ ಅಂದಿದ್ದೆಯಲ್ಲ.”

“ಬೇಡ ಅಂದೆ, ಆಮೇಲೆ ಎತ್ತಿದೆ. ಆ ನೀರಲ್ಲಿ ತಲೆ ತೊಳ್ಕೊಂಡೆ. ಬರಿ.”

ಮರುದಿನ ಬೆಳಿಗ್ಗೆ ಐದೂವರೆಗೆ ಮೂವರೂ ಮರದ ಹತ್ತಿರ ಹೋದರು. ಜೀಪಿನವರಿಗೆ ಯಾರೂ ಸಿಕ್ಕಿರಲಿಲ್ಲ. ಕಲ್ಲಿನ ನೆರಳಲ್ಲಿಟ್ಟ ಮೂರು ಕ್ಯಾನುಗಳು ಇಟ್ಟ ಹಾಗೇ ಇದ್ದುವಂತೆ. ಎರ್ಮೀನಿಯಾ ಹದಿಮೂರು ಕ್ಯಾನುಗಳ ಮೇಲೂ ಹೃದಯ ಬರೆದು ತಾರೀಖು ಹಾಕಿದಳು. ಲೋವೆಲ್ ಕೊಂಬೆಯಲ್ಲಿದ್ದ ಅದೇ ತಂತಿ ಬಿಚ್ಚಿ ಹಲಗೆ ಕಟ್ಟಿದ. ನೂರು ಗಜ ದೂರದಿಂದ ಓದಬಹುದಾದ ಅಕ್ಷರ:

‘ಇದು ಕಸವಲ್ಲ, ಕುಡಿಯುವ ನೀರು. ಮುಟ್ಟಬೇಡಿ. ನಾವು ಮುಟ್ಟಿದೆವು. ಎರಡು ದಿನದ ಮೇಲೆ ಇಬ್ಬರು ಬಂದು ಇಲ್ಲಿ ಕೈಯಿಂದ ಮರಳು ತೋಡಿದರು. ಲೋವೆಲ್ ಮತ್ತು ಆರ್ಡಿಸ್ ಬ್ರೆಕ್ಕೆ.’

ಎರ್ಮೀನಿಯಾ ಸೊಂಟದ ಮೇಲೆ ಕೈಯಿಟ್ಟು ನಿಧಾನಕ್ಕೆ ಓದಿದಳು.

“ಎಲ್ಮರ್ ಅಂತ ಬರೀತೀರೇನೋ ಅಂದ್ಕೊಂಡಿದ್ದೆ,” ಎಂದಳು.

ಲೋವೆಲ್ ನಗಲಿಲ್ಲ. ಅವಳೂ ನಗಲೆಂದು ಹೇಳಿರಲಿಲ್ಲ.

“ಇನ್ನೆಷ್ಟು ಹಲಗೆ ಇದೆ ಗಾಡಿಯಲ್ಲಿ?”

“ಹತ್ತೊಂಬತ್ತು.”

“ನನಗೆ ಇನ್ನೂ ಒಂಬತ್ತು ಜಾಗ ಇವೆ. ಒಂಬತ್ತರಲ್ಲೂ ಇಲ್ಲಿ ಆದದ್ದನ್ನೇ ಬರೀರಿ. ಹೆಸರು ಸಮೇತ.”

ಅರವತ್ತು ಮೈಲಿಯ ಕರಾರು ಅಲ್ಲಿಗೆ ನಿಂತಿತು. ಹತ್ತು ದಿನ ಅವರು ಆ ಹನ್ನೆರಡು ಮೈಲಿಯ ಆಚೀಚೆಯೇ ಇದ್ದರು. ಆದರೆ ಆ ಬೆಳಿಗ್ಗೆ, ಹೊರಡುವ ಮುಂಚೆ, ಲೋವೆಲ್ ಗುಂಡಿಯ ಹತ್ತಿರ ಹೋದ. ಗಾಳಿ ಅದನ್ನು ಅರ್ಧ ಮುಚ್ಚಿತ್ತು, ಬೆರಳ ಗೆರೆಗಳು ಒಂದು ಮಗ್ಗುಲಲ್ಲಿ ಮಾತ್ರ ಉಳಿದಿದ್ದವು. ಜಾಗ ಸಮ ಮಾಡಿಯೇ ಹೊರಡುವುದು ಅವನ ಜನ್ಮದ ಅಭ್ಯಾಸ, ಕಾಲು ತಾನಾಗಿ ಮರಳು ಸರಿಸಲು ಎದ್ದಿತ್ತು. ಅವನು ಕಾಲನ್ನು ಹಿಂದಕ್ಕೆಳೆದುಕೊಂಡ. ಗುಂಡಿಯನ್ನು ಇದ್ದ ಹಾಗೇ ಬಿಟ್ಟು, ಸಾಲಿನಿಂದ ಒಂದು ಕ್ಯಾನು ತಂದು ಅದರ ಪಕ್ಕದಲ್ಲಿಟ್ಟ.